ಫೋನಿದ್ದರೆ ಸಾಕೆಂಬ ಮಾತು ಇನ್ನು ಸಾಕು

ಗಾಣಗಾಪುರಕ್ಕೆ ಹೊರಟವರು ಕಲಬುರಗಿಯಲ್ಲಿ ದಾರಿ ಕೇಳಿದರೆ ಇವತ್ತು ಸಿಗುವ ಉತ್ತರ ಒಂದೇ: ‘ಫೋನಿನಾಗ ಹಾಕ್ಕೋರಿ, ಅದೇ ಕರಕೊಂಡು ಹೋಗ್ತದ.’ ಬಾಡಿಗೆ ಕಾರಿನ ಚಾಲಕರು ಹೇಳುವುದೂ ಇದನ್ನೇ, ಲಾಡ್ಜಿನ ಕೌಂಟರಿನಲ್ಲಿ ಕೂತವರು ಹೇಳುವುದೂ ಇದನ್ನೇ. ‘ಜಿಪಿಎಸ್ ಇದೆಯಲ್ಲ, ಇನ್ನೇನು ಬೇಕು?’ ಎಂಬ ಪ್ರಶ್ನೆಗೆ ಮರುಮಾತೇ ಇಲ್ಲವೆಂದು ಎಲ್ಲರೂ ಒಪ್ಪಿ ಕೂತಿದ್ದಾರೆ. ನಾನು ಒಪ್ಪುವುದಿಲ್ಲ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಮಟ್ಟಿಗಂತೂ ಇದು ಜೀವಕ್ಕೆ ಎರವಾಗುವ ಮಾತು. ಕೈಯಲ್ಲಿರುವ ಸಾಧನ ನಾವು ಎಲ್ಲಿದ್ದೇವೆ ಎಂಬುದನ್ನು ಬಲ್ಲದು. ಮುಂದಿನ ದಾರಿ ಇವತ್ತು ಹೇಗಿದೆ ಎಂಬುದನ್ನೂ ಅದು ಬಲ್ಲದು ಎಂದು ನಮ್ಮನ್ನು ನಂಬಿಸಿದವರು ಯಾರು?

ಮೊದಲು ಭೀಮಾ ನದಿಯ ಮಾತು. ಈ ಹೊಳೆಗೆ ಮಹಾಪೂರ ಬರಲು ಇಲ್ಲಿ ಮಳೆ ಬೀಳಲೇಬೇಕೆಂದಿಲ್ಲ. ಪುಣೆಯ ಮೇಲಿನ ಘಟ್ಟದಲ್ಲಿ ಮಳೆ ಹೊಯ್ದು ಸೊಲ್ಲಾಪುರ ಜಿಲ್ಲೆಯ ಉಜನಿ ಜಲಾಶಯ ತುಂಬುತ್ತದೆ, ನೀರಾ ನದಿಯ ವೀರ್ ಜಲಾಶಯ ತುಂಬುತ್ತದೆ, ಎರಡರ ಗೇಟೂ ಎತ್ತುತ್ತಾರೆ. ಆ ನೀರು ಹರಿದು ಬಂದು ಅಫಜಲಪುರ ತಾಲ್ಲೂಕಿನ ಸೊನ್ನ ಬ್ಯಾರೇಜಿಗೆ ಮುಟ್ಟುವಾಗ ಇಲ್ಲಿ ಆಕಾಶ ತಿಳಿಯಾಗಿರಬಹುದು, ಬಿಸಿಲು ಸುಡುತ್ತಿರಬಹುದು. ಸೊನ್ನದ ಗೇಟು ಎತ್ತಿದರೆ ಕೆಳಗಿನ ಘತ್ತರಗಿ, ಗಾಣಗಾಪುರಗಳ ಸೇತುವೆಗಳು ಮುಳುಗುತ್ತವೆ. ಇವು ನೀರು ನಿಲ್ಲಿಸುವ ಬ್ಯಾರೇಜೂ ಹೌದು, ಗಾಡಿ ದಾಟುವ ಸೇತುವೆಯೂ ಹೌದು. ಹೊಳೆ ಏರಿದ ದಿನ ರಸ್ತೆ ಎಲ್ಲಿ ಮುಗಿದು ನೀರು ಎಲ್ಲಿ ಶುರುವಾಯಿತು ಎಂಬುದು ಕಣ್ಣಿಗೇ ತಿಳಿಯುವುದಿಲ್ಲ. ಕೆಂಪು ನೀರು ಕಟ್ಟೆಯ ಸಮಕ್ಕೆ ಬಂದು, ಮುಳ್ಳುಕಂಟಿ, ಕಬ್ಬಿನ ಸೋಗೆ, ಕಿತ್ತುಬಂದ ಪಂಪಿನ ಪೈಪು ಎಲ್ಲವನ್ನೂ ಸುತ್ತಿಕೊಂಡು ಅಡ್ಡ ಹಾಯುತ್ತಿರುತ್ತದೆ. ಫೋನಿನ ಪರದೆಯ ಮೇಲೆ ಮಾತ್ರ ಅದೇ ಸೇತುವೆಯ ಮೇಲೆ ನೀಲಿ ಗೆರೆ ನೆಟ್ಟಗೆ ಹರಿದಿರುತ್ತದೆ, ಆಚೆ ದಂಡೆ ಇನ್ನೆರಡೇ ನಿಮಿಷ ಎಂದು ತೋರಿಸುತ್ತಿರುತ್ತದೆ.

2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿದ್ದನ್ನು ಈ ಸೀಮೆ ಮರೆತಿಲ್ಲ. 2025ರ ಸೆಪ್ಟೆಂಬರಿನಲ್ಲಿ ಮತ್ತೆ ಉಕ್ಕಿತು. ದಂಡೆಯ ಹಳ್ಳಿಗಳ ಜನ ಸಾಮಾನು ಹೊತ್ತು ಎತ್ತರದ ಜಾಗಕ್ಕೆ ಹೋದರು, ದಾರಿಗಳು ಕಡಿದುಹೋದವು. ಇಂಥ ಹೊಳೆಯ ದಂಡೆಗೆ ಬರುವ ಪರಸ್ಥಳದ ಯಾತ್ರಿಕನಿಗೆ ‘ಫೋನು ನೋಡಿಕೊಂಡು ಹೋಗಿ’ ಎನ್ನುವುದು ಸಲಹೆಯೇ? ಪುಣೆ, ಮುಂಬಯಿ, ಸೊಲ್ಲಾಪುರಗಳಿಂದ ಹೊರಟು ಅಕ್ಕಲಕೋಟೆ ಮುಗಿಸಿ ಗಾಣಗಾಪುರಕ್ಕೆ ರಾತ್ರಿ ಹೊತ್ತು ಬರುವ ಕುಟುಂಬಗಳು ಎಷ್ಟಿಲ್ಲ? ಸೊನ್ನದ ಗೇಟು ಇವತ್ತು ಎತ್ತಿದ್ದಾರೋ ಇಲ್ಲವೋ ಎಂಬುದು ಆ ಚಾಲಕನಿಗೆ ತಿಳಿಯುವ ಬಗೆ ಯಾವುದು?

ನಕ್ಷೆಯ ಪರವಾಗಿ ಮಾತಾಡುವವರು ಕೂಡಲೇ ಹೇಳುತ್ತಾರೆ, ರಸ್ತೆ ಬಂದ್ ಆದರೆ ಆ್ಯಪ್ ತಾನೇ ತಿಳಿದುಕೊಳ್ಳುತ್ತದೆ ಎಂದು. ಹೇಗೆ ತಿಳಿದುಕೊಳ್ಳುತ್ತದೆ ಎಂದು ಅವರು ಕೇಳಿ ನೋಡಿದ್ದಾರೆಯೇ? ದೊಡ್ಡ ಶಹರದಲ್ಲಿ ಒಂದೇ ರಸ್ತೆಯಲ್ಲಿ ಸಾವಿರಾರು ಫೋನುಗಳು ಹೋಗುತ್ತಿರುತ್ತವೆ. ಅವೆಲ್ಲ ಒಮ್ಮೆಗೇ ನಿಂತರೆ ಮುಂದೆ ಏನೋ ಆಗಿದೆಯೆಂದು ಕಂಪ್ಯೂಟರು ಲೆಕ್ಕ ಹಾಕುತ್ತದೆ. ಜೇವರ್ಗಿ ತಾಲ್ಲೂಕಿನ ಒಳರಸ್ತೆಯಲ್ಲಿ ಇರುಳು ಹತ್ತರ ಮೇಲೆ ಎಷ್ಟು ಫೋನು ಹೋಗುತ್ತವೆ? ಯಾವ ಗಾಡಿಯೂ ಹೋಗದ ದಾರಿ ಆ ಲೆಕ್ಕಕ್ಕೆ ಖಾಲಿ ದಾರಿಯಾಗಿ ಕಾಣುತ್ತದೆ. ಹಳ್ಳ ತುಂಬಿ ದಾರಿ ನಿಂತಿದ್ದಕ್ಕೂ, ರಾತ್ರಿಯಾಗಿ ಜನ ಮನೆ ಸೇರಿದ್ದಕ್ಕೂ ಅದಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ಬೆಂಗಳೂರಿನ ರಿಂಗ್ ರಸ್ತೆಯಲ್ಲಿ ಪಳಗಿದ ನಂಬಿಕೆಯನ್ನು ಭೀಮಾ ತೀರಕ್ಕೆ ಹಾಗೇ ಹೊತ್ತು ತರುವವರು ಈ ಒಂದು ಸಂಗತಿಯನ್ನಾದರೂ ತಿಳಿಯಬೇಡವೇ?

ಇದು ಬರೀ ಊಹೆಯೆಂದು ತಳ್ಳಿಹಾಕುವವರು 2024ನೇ ಇಸವಿಯೊಂದನ್ನೇ ನೋಡಲಿ. ಆ ವರ್ಷ ಜೂನ್ ತಿಂಗಳಲ್ಲಿ ಕಾಸರಗೋಡು ಜಿಲ್ಲೆಯ ಪಳ್ಳಂಜಿಯಲ್ಲಿ ಇಬ್ಬರು ಯುವಕರು ನಸುಕಿನ ಕತ್ತಲಲ್ಲಿ ಫೋನಿನ ನಕ್ಷೆ ನಂಬಿ, ತಡೆಗೋಡೆಯಿಲ್ಲದ ಸೇತುವೆಯ ಮೇಲೆ ಹರಿಯುತ್ತಿದ್ದ ಹೊಳೆಗೆ ಕಾರು ಇಳಿಸಿದರು. ಕಾರು ಕೊಚ್ಚಿಹೋಯಿತು. ನೀರಿನ ನಡುವಿನ ಗಿಡ ಹಿಡಿದು ನಿಂತ ಇಬ್ಬರನ್ನೂ ಅಗ್ನಿಶಾಮಕ ದಳದವರು ಎಳೆದು ಬದುಕಿಸಿದರು. ನವೆಂಬರಿನಲ್ಲಿ ಉತ್ತರ ಪ್ರದೇಶದಲ್ಲಿ ರಾಮಗಂಗಾ ನದಿಯ ಸೇತುವೆಯಿಂದ ಕಾರು ಕೆಳಗೆ ಬಿದ್ದು ಮೂವರು ಸತ್ತರು. ಹಿಂದಿನ ಪ್ರವಾಹದಲ್ಲೇ ಆ ಸೇತುವೆಯ ಒಂದು ಭಾಗ ಕೊಚ್ಚಿಹೋಗಿತ್ತು. ನಕ್ಷೆಯಲ್ಲಿ ಅದು ಪೂರ್ತಿಯಾಗಿಯೇ ಇತ್ತು. ಡಿಸೆಂಬರಿನಲ್ಲಿ ನಮ್ಮದೇ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ, ಗೋವಾಕ್ಕೆ ಹೊರಟಿದ್ದ ಹೊರರಾಜ್ಯದ ಕುಟುಂಬವೊಂದನ್ನು ನಕ್ಷೆ ಭೀಮಗಡದ ಕಾಡಿನೊಳಕ್ಕೆ ಒಯ್ದಿತು. ರಾತ್ರಿಯೆಲ್ಲ ಕಾರಿನಲ್ಲೇ ಕಳೆದು, ನೆಟ್‌ವರ್ಕ್ ಸಿಗುವ ಜಾಗ ಹುಡುಕುತ್ತ ಮೈಲುಗಟ್ಟಲೆ ನಡೆದು 112ಕ್ಕೆ ಕರೆ ಮಾಡಿದ ಮೇಲೆ ಪೊಲೀಸರು ಬಂದು ಕರೆತಂದರು.

ಇಂಥದ್ದು ನಡೆದಾಗ ಕೇಳಿಬರುವ ಸಮಜಾಯಿಷಿ ಒಂದಿದೆ: ‘ಕಣ್ಣು ಬಿಟ್ಟು ಓಡಿಸಬೇಕಿತ್ತು.’ ತಪ್ಪೆಲ್ಲ ಚಾಲಕನ ತಲೆಗೆ. ನಿಮಗೆ ಬೇರೇನೂ ಬೇಡ, ಇದೊಂದನ್ನೇ ನಂಬಿ ಎಂದು ವರ್ಷಗಟ್ಟಲೆ ಹೇಳಿದವರು ಅಪಘಾತವಾದ ದಿನ ಮಾತ್ರ ಇದನ್ನು ನಂಬಬಾರದಿತ್ತು ಎನ್ನುತ್ತಾರೆ. ನಂಬಲು ಹೇಳಿದವರಿಗೆ ಹೊಣೆಯಿಲ್ಲವೇ? ಮುರಿದ ಸೇತುವೆಗೆ ಅಡ್ಡ ಕಲ್ಲಿಡದವರಿಗೆ ಹೊಣೆಯಿಲ್ಲವೇ? ದಾರಿ ಬಂದ್ ಎಂಬ ಒಂದು ಫಲಕ ನಿಲ್ಲಿಸದವರಿಗೆ ಹೊಣೆಯಿಲ್ಲವೇ?

ಹೊಳೆಯಿಂದ ದೂರ ಇದ್ದೇವೆ, ನಮಗೇನು ಎನ್ನುವಂತೆಯೂ ಇಲ್ಲ. ಈ ಮೂರೂ ತಾಲ್ಲೂಕುಗಳ ನೆಲ ಯರಿ ನೆಲ. ತೊಗರಿಗೆ ಹೇಳಿ ಮಾಡಿಸಿದ ಈ ಮಣ್ಣೇ ಗಾಡಿಗೆ ಬಲೆ. ಆ್ಯಪ್ ಹತ್ತಿರದ ದಾರಿ ಹುಡುಕುವಾಗ ಹೊಲದ ನಡುವಿನ ಬಂಡಿದಾರಿಯನ್ನೂ ರಸ್ತೆಯ ಲೆಕ್ಕಕ್ಕೆ ಹಿಡಿಯುತ್ತದೆ. ಮೇಲಿನಿಂದ ತೆಗೆದ ಚಿತ್ರದಲ್ಲಿ ಬೇಸಿಗೆಯ ಬಂಡಿದಾರಿ ಬೆಳ್ಳಗೆ, ಅಗಲವಾಗಿ, ಚೆಂದ ಕಾಣುತ್ತದೆ. ಮೃಗಶಿರಾ ಮಳೆ ಒಂದು ಹದ ಬಿದ್ದ ಮೇಲೆ ಅದೇ ದಾರಿಗೆ ಕಾರು ಇಳಿಸಿ ನೋಡಲಿ. ಮೊದಲು ಮಣ್ಣು ಟಯರಿನ ಗೆರೆ ತುಂಬುತ್ತದೆ. ಆಮೇಲೆ ಗಾಲಿಯ ಸುತ್ತ ದಪ್ಪಗೆ ಮೆತ್ತಿಕೊಂಡು ಮಡ್‌ಗಾರ್ಡಿನೊಳಗೆ ಗಟ್ಟಿಯಾಗಿ ಕೂಡುತ್ತದೆ, ಗಾಲಿ ತಿರುಗುವುದೇ ನಿಲ್ಲುತ್ತದೆ. ಇಳಿದು ನಿಂತರೆ ಚಪ್ಪಲಿ ಮಣ್ಣಲ್ಲಿ ಉಳಿದು ಕಾಲು ಮಾತ್ರ ಮೇಲೆ ಬರುತ್ತದೆ. ಕಟ್ಟಿಗೆಯಿಂದ ಕೆರೆದಷ್ಟೂ ಮತ್ತೆ ಹತ್ತುತ್ತದೆ. ಟ್ರ್ಯಾಕ್ಟರ್ ಬಂದು ಎಳೆಯುವವರೆಗೆ ಅಲ್ಲಿಂದ ಬಿಡುಗಡೆಯಿಲ್ಲ. ನಾಲ್ಕು ಕಿಲೋಮೀಟರ್ ಉಳಿಸುತ್ತೇನೆಂದು ಹೊರಟ ಸಾಧನಕ್ಕೆ ಮಣ್ಣಿನ ಬಣ್ಣ ಗೊತ್ತೇ, ಮಳೆಯ ಹದ ಗೊತ್ತೇ?

ಸುಗ್ಗಿಯಲ್ಲಿ ಇನ್ನೊಂದು ಗಂಡಾಂತರ. ಅಫಜಲಪುರ ತಾಲ್ಲೂಕಿನ ಹವಳಗಾ, ಆಳಂದ ತಾಲ್ಲೂಕಿನ ಭೂಸನೂರಗಳಲ್ಲಿ ಸಕ್ಕರೆ ಕಾರ್ಖಾನೆಗಳಿವೆ. ಕಬ್ಬು ಕಡಿಯುವ ತಿಂಗಳುಗಳಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹಿಂದೆ ದೀಪವಿಲ್ಲದೆ ಇರುಳೆಲ್ಲ ಓಡಾಡುತ್ತವೆ. ನಕ್ಷೆ ತೋರಿಸಿದ ಸಮಯಕ್ಕೆ ಮುಟ್ಟಬೇಕೆಂದು ಅವಸರಪಡುವ ಚಾಲಕ, ತಿರುವಿನಲ್ಲಿ ನಿಂತ ಟ್ರೇಲರಿಗೆ ಹೋಗಿ ಗುದ್ದುತ್ತಾನೆ. ‘ರಾತ್ರಿ ಈ ಹಾದಿ ಬ್ಯಾಡ್ರಿ, ಕಬ್ಬಿನ ಗಾಡಿ ಇರ್ತಾವ, ಮುಂಜಾನೆ ಹೋಗ್ರಿ’ ಎಂದು ಹೇಳಬಲ್ಲ ಚಹಾದಂಗಡಿಯ ಮನುಷ್ಯ ಅಲ್ಲೇ ಕೂತಿರುತ್ತಾನೆ. ಅವನನ್ನು ಯಾರೂ ಕೇಳುವುದಿಲ್ಲ.

ಇನ್ನು ಸಾಧನದ ಆಯ್ಕೆಗೆ ಬರೋಣ. ‘ಫೋನೇ ಸಾಕು’ ಎಂಬ ಮಾತು ಹುಟ್ಟಿದ್ದೇ ಒಂದು ಅಜ್ಞಾನದಿಂದ. ಜಿಪಿಎಸ್ ಬೇರೆ, ಇಂಟರ್‌ನೆಟ್ ಬೇರೆ, ನಕ್ಷೆ ಬೇರೆ. ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಅಮೆರಿಕದ ಉಪಗ್ರಹಗಳು ಸಮಯದ ಸಂಕೇತ ಬಿಡುತ್ತಿರುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕರೆ ಕೈಯಲ್ಲಿನ ಸಾಧನ ತಾನಿರುವ ಜಾಗ ಲೆಕ್ಕ ಹಾಕುತ್ತದೆ. ಅದಕ್ಕೆ ಟವರ್ ಬೇಡ, ಸಿಮ್ ಬೇಡ, ಡೇಟಾ ಬೇಡ. ಟವರ್ ಬೇಕಾಗುವುದು ನಕ್ಷೆಯ ಚಿತ್ರ ತರಿಸಿಕೊಳ್ಳಲು ಮತ್ತು ದಾರಿಯ ಸುದ್ದಿ ತಿಳಿಯಲು. ಹೀಗಾಗಿ ಸಿಗ್ನಲ್ ಹೋದ ಜಾಗದಲ್ಲಿ ಪರದೆಯ ಮೇಲೆ ಚುಕ್ಕೆ ಉಳಿಯುತ್ತದೆ, ಅದರ ಸುತ್ತಲಿನ ಊರು, ರಸ್ತೆ ಎಲ್ಲ ಮಾಯವಾಗುತ್ತವೆ. ಈ ವ್ಯತ್ಯಾಸವನ್ನು ಗಿರಾಕಿಗೆ ಬಿಡಿಸಿ ಹೇಳುವ ಅಂಗಡಿ ಎಷ್ಟಿವೆ? ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ಹೇಳುವವರು ನೂರು ಮಂದಿ. ನೆಟ್‌ವರ್ಕ್ ಇಲ್ಲದಾಗ ದಾರಿ ತೋರಿಸುತ್ತದೆಯೇ ಎಂದು ಪರೀಕ್ಷಿಸಿ ಕೊಡುವವರು ಯಾರೂ ಇಲ್ಲ.

ನಮ್ಮ ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ಸೀಮೆಯ ತಾಪ 40 ಡಿಗ್ರಿ ದಾಟುವುದು ವರ್ಷವರ್ಷದ ಮಾತು. ಮುಂದಿನ ಗಾಜಿನ ಹಿಂದೆ ಕೂತ ಫೋನು ಅದಕ್ಕಿಂತಲೂ ಹೆಚ್ಚು ಕಾಯುತ್ತದೆ. ಮೊದಲು ಪರದೆ ಮಂಕಾಗುತ್ತದೆ, ಚಾರ್ಜಿಂಗ್ ನಿಲ್ಲುತ್ತದೆ, ಕೊನೆಗೆ ಫೋನೇ ಬಂದ್ ಆಗುತ್ತದೆ. ದಾರಿ ತೋರಿಸುವುದೂ ಅದೇ, ಮನೆಗೆ ಸುದ್ದಿ ಹೇಳುವುದೂ ಅದೇ, ಪೆಟ್ರೋಲಿಗೆ ದುಡ್ಡು ಕೊಡುವುದೂ ಅದೇ, ಆಪತ್ತಿಗೆ 112ಕ್ಕೆ ಕರೆ ಮಾಡುವುದೂ ಅದೇ. ಅದೊಂದು ನಿಂತರೆ ನಾಲ್ಕೂ ಒಟ್ಟಿಗೆ ನಿಂತವು. ಇದನ್ನು ಅನುಕೂಲ ಎಂದು ಕರೆದವರು ಯಾವ ಬಿಸಿಲಲ್ಲಿ ಯಾವ ಊರಿಗೆ ಹೋಗಿ ಬಂದಿದ್ದಾರೆ?

ಹಾಗಾದರೆ ಯಾವ ಸಾಧನ ಬೇಕು? ದಾರಿಗೆಂದೇ ಬೇರೆ ಸಾಧನ ಇರಲಿ ಎಂಬುದು ನನ್ನ ಗಟ್ಟಿ ಮಾತು. ಕೈಯಲ್ಲಿ ಹಿಡಿಯುವ ಜಿಪಿಎಸ್ ಕೊಳ್ಳುವವರು ದೊಡ್ಡ ಪರದೆಗೆ, ಥಳಕಿಗೆ ಮರುಳಾಗಬಾರದು. ಇಡೀ ಜಿಲ್ಲೆಯ ನಕ್ಷೆ ಅದರೊಳಗೇ ಇರಬೇಕು. ಪೆನ್ಸಿಲ್ ಸೆಲ್ ಹಾಕಿ ನಡೆಸುವಂತಿದ್ದರೆ ಇನ್ನೂ ಒಳ್ಳೆಯದು. ಗಾರ್ಮಿನ್ ಕಂಪನಿಯ ಈಟ್ರೆಕ್ಸ್‌ನಂಥ ಸಾಧನಗಳು ಎರಡು ಪೆನ್ಸಿಲ್ ಸೆಲ್ ಮೇಲೆ 25 ತಾಸಿನವರೆಗೆ ನಡೆಯುತ್ತವೆ, ಸೆಲ್ ಅಂತೂ ಆಳಂದದ ಯಾವ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಪರದೆ ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ ಓದಲು ಬರಬೇಕು, ಅಂಗಡಿಯಿಂದ ಹೊರಗೆ ತಂದೇ ನೋಡಿ. ಕನ್ನಡ ಅಕ್ಷರ ಸರಿಯಾಗಿ ಮೂಡುತ್ತವೆಯೇ ನೋಡಿ. ನೀವೇ ಗುರುತಿಸಿದ ಜಾಗಗಳನ್ನು ಉಳಿಸಿಟ್ಟು ಇನ್ನೊಬ್ಬರಿಗೆ ಕೊಡಲು ಬರುತ್ತದೆಯೇ ಕೇಳಿ. ಒಂದು ಎಚ್ಚರ: ಉಪಗ್ರಹದ ಮೂಲಕವೇ ಸಂದೇಶ ಕಳುಹಿಸುವ ಸಾಧನಗಳೂ ಹೊರದೇಶದ ಮಾರುಕಟ್ಟೆಯಲ್ಲಿವೆ. ದೂರಸಂಪರ್ಕ ಇಲಾಖೆಯ ಪರವಾನಗಿ ಇಲ್ಲದೆ ಅವುಗಳನ್ನು ನಮ್ಮ ದೇಶದಲ್ಲಿ ಇಟ್ಟುಕೊಳ್ಳುವಂತಿಲ್ಲ. ತಿಳಿಯದೆ ತಂದು ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದ ಪ್ರವಾಸಿಗರಿದ್ದಾರೆ.

‘ಬಡವರು ಎರಡು ಸಾಧನ ಎಲ್ಲಿಂದ ತರಬೇಕು?’ ಎಂದು ಕೇಳುವವರಿಗೂ ಉತ್ತರವಿದೆ. ಮನೆಯ ಕಪಾಟಿನಲ್ಲಿ ಬಿದ್ದಿರುವ ಹಳೆಯ ಫೋನಿಗೆ ಸಿಮ್ ಹಾಕಬೇಡಿ. 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಜನರೇ ಸೇರಿ ಬರೆಯುವ, ಪುಕ್ಕಟೆ ಸಿಗುವ ನಕ್ಷೆ. ಆರ್ಗ್ಯಾನಿಕ್ ಮ್ಯಾಪ್ಸ್, ಓಸ್ಮ್ಯಾಂಡ್‌ನಂಥ ಆ್ಯಪ್‌ಗಳು ಅದನ್ನು ಫೋನಿನೊಳಗೇ ಇಳಿಸಿಕೊಡುತ್ತವೆ. ಮನೆಯಲ್ಲೇ ನಕ್ಷೆ ಇಳಿಸಿಕೊಂಡು ಆ ಹಳೆಯ ಫೋನನ್ನು ಕೈಚೀಲದ ನೆರಳಲ್ಲಿಟ್ಟುಕೊಂಡು ಹೊರಟರೆ ಅದೇ ನಿಮ್ಮ ಜಿಪಿಎಸ್. ಇದಕ್ಕೆ ಖರ್ಚಿಲ್ಲ. ಖರ್ಚಾಗುವುದು ಹೊರಡುವ ಮುಂಚಿನ ಅರ್ಧ ತಾಸು ಮಾತ್ರ. ಆ ಅರ್ಧ ತಾಸಿನ ಸಿದ್ಧತೆಯೇ ಬೇಡ ಎಂದು ಕಲಿಸಿರುವುದು ‘ಫೋನಿದ್ದರೆ ಸಾಕು’ ಎಂಬ ಮಾತಿನ ದೊಡ್ಡ ಅಪರಾಧ.

ಹೆಸರುಗಳ ಗೊಂದಲಕ್ಕೆ ಹೊಣೆ ಯಾರು? ಅಫಜಲಪುರ ತಾಲ್ಲೂಕಿನಲ್ಲಿ ಬ್ಯಾರೇಜಿರುವ ಸೊನ್ನ ಒಂದು, ಜೇವರ್ಗಿ ತಾಲ್ಲೂಕಿನಲ್ಲಿ ಮಠವಿರುವ ಸೊನ್ನ ಇನ್ನೊಂದು. ಮಾದನಹಿಪ್ಪರಗಾ ಆಳಂದ ತಾಲ್ಲೂಕಿನದು, ದೇವರಹಿಪ್ಪರಗಿ ವಿಜಯಪುರ ಜಿಲ್ಲೆಯದು. ಇಲ್ಲಿಯ ಹಳ್ಳಿಗಳ ಹೆಸರಿನ ಹಿಂದೆ ಬುದ್ರುಕ್ ಎನ್ನಲು ‘ಬಿ’, ಖುರ್ದ್ ಎನ್ನಲು ‘ಕೆ’ ಸೇರಿರುತ್ತದೆ. ಊರವರಿಗೆ ಆ ಒಂದಕ್ಷರದಲ್ಲಿ ದೊಡ್ಡ ಊರು ಯಾವುದು, ಸಣ್ಣ ಊರು ಯಾವುದು ಎಂಬುದು ಸ್ಪಷ್ಟ. ಹೊರಗಿನವರು ಅದನ್ನು ಬಿಟ್ಟು ಹುಡುಕಿ ಬೇರೆ ಊರಿಗೆ ಹೋಗಿ ನಿಲ್ಲುತ್ತಾರೆ. ರೈಲಿನವರ ಪಾಡು ಇನ್ನೊಂದು. ಸೊಲ್ಲಾಪುರ–ವಾಡಿ ಮಾರ್ಗದಲ್ಲಿ ಗಾಣಗಾಪುರ ರೋಡ್ ಎಂಬ ನಿಲ್ದಾಣವಿದೆ. ದೇವಸ್ಥಾನ ಅಲ್ಲಿಂದ ಸುಮಾರು 20 ಕಿಲೋಮೀಟರ್ ದೂರ. ರೈಲು ಇಳಿದ ಹೊತ್ತಿನಲ್ಲಿ ಬಸ್ಸುಂಟೇ, ಟಂಟಂ ಸಿಗುವುದೇ ಎಂಬುದೇ ಯಾತ್ರಿಕ ಮೊದಲು ತಿಳಿಯಬೇಕಾದ ಸಂಗತಿ. ಅದನ್ನು ಹೇಳಲಾಗದ ನಕ್ಷೆಯನ್ನು ಮಾರ್ಗದರ್ಶಿ ಎಂದು ಕರೆಯುವುದು ಸರಿಯೇ?

ದಾರಿ ತಪ್ಪದೆ ಹೋಗಿ ಮುಟ್ಟಿದವರಿಗಾದರೂ ಈ ಸಾಧನ ಏನು ತೋರಿಸುತ್ತದೆ? ಪೆಟ್ರೋಲ್ ಪಂಪು ತೋರಿಸುತ್ತದೆ, ಎಟಿಎಂ ತೋರಿಸುತ್ತದೆ, ಖಾನಾವಳಿಗೆ ಯಾರು ಎಷ್ಟು ನಕ್ಷತ್ರ ಕೊಟ್ಟರೆಂದು ತೋರಿಸುತ್ತದೆ. ಗಾಣಗಾಪುರದಲ್ಲಿ ಭೀಮಾ–ಅಮರ್ಜಾ ಸಂಗಮ ಒಂದು ಕಡೆ, ನಿರ್ಗುಣ ಪಾದುಕೆಗಳಿರುವ ಮಠ ಊರೊಳಗೆ ಇನ್ನೊಂದು ಕಡೆ. ಸಂಗಮದಲ್ಲಿ ಮಿಂದು, ಊರಿಗೆ ಬಂದು, ಮಧ್ಯಾಹ್ನ ಮಧುಕರಿ ಬೇಡಿ ಪಾದುಕೆಯ ದರ್ಶನ ಮಾಡುವುದು ಇಲ್ಲಿ ನಡೆದುಬಂದ ರೂಢಿ. ಯಾವುದು ಮೊದಲು, ಯಾವುದು ಆಮೇಲೆ, ಯಾವ ಹೊತ್ತಿಗೆ ಏನು ಎಂಬುದು ಪರದೆಯ ಮೇಲಿನ ಕೆಂಪು ಗುರುತಿನಲ್ಲಿ ಇಲ್ಲ. ಆ ಅಮರ್ಜಾ ಹುಟ್ಟುವುದು ಆಳಂದದ ಕಡೆ. ಕೊರಳ್ಳಿಯ ಅಣೆಕಟ್ಟೆ ಇರುವುದೂ ಅದೇ ನದಿಗೆ. ಕಲಬುರಗಿಯಿಂದ ಆಳಂದಕ್ಕೆ ಹೋಗುವ ದಾರಿಯಲ್ಲಿ ಕಡಗಂಚಿ ಸಿಗುತ್ತದೆ. ಅಲ್ಲಿ 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ ಎಂದು ನಕ್ಷೆ ಹೇಳುತ್ತದೆ. ಮರಾಠಿಯಲ್ಲಿ ಗುರುಚರಿತ್ರೆ ಬರೆದ ಸರಸ್ವತಿ ಗಂಗಾಧರ ಈ ಊರಿನ ಸಾಯಂದೇವನ ವಂಶದವನು, ಅಕ್ಕಪಕ್ಕದ ಎರಡು ಭಾಷೆಗಳನ್ನು ಬೆಸೆದ ಊರು ಇದು ಎಂದು ಹೇಳುವವರು ಯಾರು?

ಆಳಂದದ ಲಾಡ್ಲೆ ಮಶಾಯಕ್ ದರ್ಗಾಕ್ಕೆ ಉರುಸಿಗೆ ಬರುವವರು, ಘತ್ತರಗಿ ಭಾಗ್ಯವಂತಿಗೆ ಅಮಾವಾಸ್ಯೆಗೆ ಬರುವವರು, ಯಾರಿಗೂ ಮಾರ್ಗದರ್ಶನ ಇಷ್ಟೇ: ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ, ನೀವು ಮುಟ್ಟಿದ್ದೀರಿ. ಜೇವರ್ಗಿ ನೋಡಿ ಮುಂದೆ ಚಿತ್ತಾಪುರ ತಾಲ್ಲೂಕಿನ ಸನ್ನತಿಗೆ ಹೋದವರ ಗತಿಯೂ ಅದೇ. ಅಲ್ಲಿಯ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಹೆಸರನ್ನೇ ಬ್ರಾಹ್ಮಿಯಲ್ಲಿ ಕೆತ್ತಿದ ಶಿಲ್ಪಫಲಕ ಸಿಕ್ಕಿದೆ. ಹೊಳೆಯ ದಂಡೆಯ ಹೊಲಗಳ ನಡುವೆ ಎರಡು ಸಾವಿರ ವರ್ಷದ ಚರಿತ್ರೆ ಇದೆ. ನೀವು ಮುಟ್ಟಿದ್ದೀರಿ ಎಂಬ ದನಿ ಕೇಳಿ ಇಳಿದವನಿಗೆ ತಾನು ಯಾವುದರ ಮುಂದೆ ನಿಂತಿದ್ದೇನೆಂದೇ ತಿಳಿಯುವುದಿಲ್ಲ. ಕಾಲು ತಾಸಿನಲ್ಲಿ ಫೋಟೊ ಹೊಡೆದುಕೊಂಡು ಹೊರಡುತ್ತಾನೆ. ಪ್ರವಾಸಿಗರು ಇಲ್ಲಿ ನಿಲ್ಲುವುದಿಲ್ಲ, ಖರ್ಚು ಮಾಡುವುದಿಲ್ಲ ಎಂದು ಅಧಿಕಾರಿಗಳು ಗೊಣಗುತ್ತಾರೆ. ನಿಲ್ಲುವುದಕ್ಕೆ ಕಾರಣ ಹೇಳುವ ಒಬ್ಬ ಮನುಷ್ಯನನ್ನಾದರೂ ನೀವು ಅಲ್ಲಿ ನಿಲ್ಲಿಸಿದ್ದೀರಾ?

ಇಲ್ಲಿಗೆ ಬಂದೆ ನನ್ನ ಮುಖ್ಯ ಆರೋಪಕ್ಕೆ. ಫೋನಿನ ನಕ್ಷೆ ಇವತ್ತು ಆಡಳಿತದ ಸೋಮಾರಿತನಕ್ಕೆ ಒಳ್ಳೆಯ ಮರೆಯಾಗಿದೆ. ಕೈಕಂಬದ ಅಕ್ಷರ ಅಳಿಸಿದರೆ ಯಾರೂ ತಿದ್ದಿಸುವುದಿಲ್ಲ, ಎಲ್ಲರ ಹತ್ತಿರ ಫೋನಿದೆಯಲ್ಲ. ಕೂಡುರಸ್ತೆಯ ಫಲಕಕ್ಕೆ ಜಾಲಿ ಕಂಟಿ ಮುಚ್ಚಿದರೆ ಯಾರೂ ಕಡಿಸುವುದಿಲ್ಲ, ಎಲ್ಲರ ಹತ್ತಿರ ಫೋನಿದೆಯಲ್ಲ. ಫಲಕಗಳ ಮೇಲೆ ದಾನಿಗಳ, ನಾಯಕರ ಮುಖ ಇರುತ್ತದೆ, ಊರಿನ ಹೆಸರು ಮೂಲೆಯಲ್ಲಿರುತ್ತದೆ. ಪ್ರವಾಸಿಗೆ ದಾರಿ ಹೇಳುವುದು ಸರ್ಕಾರದ ಕೆಲಸ, ಊರಿನ ಕೆಲಸ. ಅದನ್ನು ದೂರದ ಯಾವುದೋ ಕಂಪನಿಯ ಕಂಪ್ಯೂಟರಿಗೆ ಒಪ್ಪಿಸಿ ಕೈ ತೊಳೆದುಕೊಂಡಿದ್ದೇವೆ. ಆ ಕಂಪನಿಗೆ ಘತ್ತರಗಿಯ ನೀರಿನ ಮಟ್ಟ ತಿಳಿಸುವ ಹೊಣೆಯೂ ಇಲ್ಲ, ತಪ್ಪು ದಾರಿಗೆ ಹೋದವನನ್ನು ಎತ್ತಿ ತರುವ ಹೊಣೆಯೂ ಇಲ್ಲ.

ಮಾಡಲು ಬರುವುದಿಲ್ಲ ಎಂದು ಹೇಳುವಂತಿಲ್ಲ, ಏಕೆಂದರೆ ಮಾಡಿ ತೋರಿಸಿದ್ದಾರೆ. ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರ ಕಂದಾಯ ಇಲಾಖೆಗಾಗಿ ದಿಶಾಂಕ್ ಎಂಬ ಆ್ಯಪ್ ಮಾಡಿದೆ. ಹೊಲದ ನಡುವೆ ನಿಂತು ಅದನ್ನು ತೆರೆದರೆ ನಿಂತ ಜಾಗದ ಸರ್ವೆ ನಂಬರ್, ಗ್ರಾಮ, ಹೋಬಳಿ ತಿಳಿಯುತ್ತದೆ. ಹಳೆಯ ಗ್ರಾಮನಕ್ಷೆಗಳಲ್ಲಿ ಬಂಡಿದಾರಿ, ಕಾಲುದಾರಿ, ಹಳ್ಳ ಎಲ್ಲ ಬೇರೆಬೇರೆಯಾಗಿ ಗುರುತಾಗಿವೆ. ಅಂದರೆ ಯಾವುದು ರಸ್ತೆ, ಯಾವುದು ಹೊಲದ ದಾರಿ ಎಂಬ ತಿಳಿವಳಿಕೆ ಸರ್ಕಾರದ ಕಪಾಟಿನಲ್ಲೇ ಇದೆ. ಹೊಲದ ಬದುವನ್ನು ಬೆರಳ ತುದಿಯಲ್ಲಿ ತೋರಿಸಬಲ್ಲ ಸರ್ಕಾರಕ್ಕೆ ಮುಳುಗಿದ ಸೇತುವೆಯನ್ನು ತೋರಿಸಲು ಆಗುವುದಿಲ್ಲವೇ? ದೇಶದ ಮಟ್ಟದಲ್ಲೂ ದಾರಿ ತೆರೆದಿದೆ. 1767ರಲ್ಲಿ ಶುರುವಾದ ಭಾರತೀಯ ಸರ್ವೇಕ್ಷಣಾ ಇಲಾಖೆ ನಮ್ಮ ಸೀಮೆಯನ್ನೂ ಅಳೆದಿಟ್ಟಿದೆ. 2021ರ ಫೆಬ್ರುವರಿಯಲ್ಲಿ ಬಂದ ಮಾರ್ಗಸೂಚಿ, ನಕ್ಷೆ ಮಾಡುವುದಕ್ಕೆ ನಮ್ಮ ದೇಶದವರಿಗಿದ್ದ ಬಹಳಷ್ಟು ಅನುಮತಿಗಳ ಕಟ್ಟು ಸಡಿಲಿಸಿತು. ಒಂದು ಗ್ರಾಮ ಪಂಚಾಯಿತಿ ಮನಸ್ಸು ಮಾಡಿದರೆ ತನ್ನ ಊರಿನ ನಕ್ಷೆಯನ್ನು ತಾನೇ ತಿದ್ದಬಹುದು. ಎಷ್ಟು ಪಂಚಾಯಿತಿಗಳಿಗೆ ಯಾರು ಇದನ್ನು ಹೇಳಿದ್ದಾರೆ?

ಉಪಗ್ರಹದ ವಿಚಾರದಲ್ಲೂ ನಮ್ಮ ನೆಮ್ಮದಿ ಬುಡವಿಲ್ಲದ್ದು. ಜಿಪಿಎಸ್ ಅಮೆರಿಕದ ಸೇನೆಗಾಗಿ ಹುಟ್ಟಿದ ವ್ಯವಸ್ಥೆ. 2000ನೇ ಇಸವಿಯ ಮೇ ತಿಂಗಳವರೆಗೆ ಜನಸಾಮಾನ್ಯರಿಗೆ ಸಿಗುತ್ತಿದ್ದ ಸಂಕೇತವನ್ನು ಅವರು ಬೇಕೆಂದೇ ಕೆಡಿಸಿ ಬಿಡುತ್ತಿದ್ದರು. ನಮ್ಮ ಇಸ್ರೊ 2013ರ ಜುಲೈ 1ರಂದು ಮೊದಲ ದಾರಿತೋರು ಉಪಗ್ರಹವನ್ನು ಹಾರಿಸಿತು. ಈ ವ್ಯವಸ್ಥೆಗೆ 2016ರಲ್ಲಿ ನಾವಿಕ್ ಎಂಬ ಹೆಸರು ಬಂತು. 2023ರ ಮೇ 29ರಂದು ಹೋದ ಎನ್‌ವಿಎಸ್-01 ಉಪಗ್ರಹದಲ್ಲಿ ದೇಶದಲ್ಲೇ ಮಾಡಿದ ಪರಮಾಣು ಗಡಿಯಾರವಿದೆ. ಆದರೆ ಹಳೆಯ ಕೆಲವು ಉಪಗ್ರಹಗಳ ಗಡಿಯಾರ ಕೆಟ್ಟಿವೆ, 2025ರ ಜನವರಿಯಲ್ಲಿ ಹೋದ ಎನ್‌ವಿಎಸ್-02 ಉದ್ದೇಶಿಸಿದ ಕಕ್ಷೆ ಸೇರಲಿಲ್ಲ. ನಾವಿಕ್ ಸಂಕೇತ ಹಿಡಿಯುವ ಸಾಧನವನ್ನು ಕೇಳಿ ಕೊಳ್ಳುವ ಗಿರಾಕಿ ಹೆಚ್ಚಿದರೆ ಈ ವ್ಯವಸ್ಥೆಯನ್ನು ಬೇಗ ಗಟ್ಟಿಮಾಡಬೇಕೆಂಬ ಒತ್ತಾಯವೂ ಹೆಚ್ಚುತ್ತದೆ. ಕೇಳುವವರೇ ಇಲ್ಲದಿದ್ದರೆ?

ಆದ್ದರಿಂದ ನನ್ನ ಬೇಡಿಕೆಗಳು ನೇರವಾಗಿವೆ. ಸೊನ್ನದ ಗೇಟು ಎತ್ತಿದ ಸುದ್ದಿ ತಹಶೀಲ್ದಾರರ ಕಚೇರಿಯ ಕಡತಕ್ಕೆ ಸೇರಿ ಮುಗಿಯಬಾರದು. ಘತ್ತರಗಿ, ಗಾಣಗಾಪುರ ಸೇತುವೆಗಳು ಬಂದ್ ಆದ ಗಳಿಗೆಯಲ್ಲೇ ಜಿಲ್ಲಾಡಳಿತ ಅದನ್ನು ಎಲ್ಲ ನಕ್ಷೆ ಕಂಪನಿಗಳಿಗೆ ತಿಳಿಸಬೇಕು. ಅದಕ್ಕಿಂತ ಮುಖ್ಯವಾಗಿ ರಸ್ತೆಯ ಮೇಲೆ ತಿಳಿಸಬೇಕು. ಸೇತುವೆಯ ಬಾಯಿಗೆ ಬಂದ ಮೇಲೆ ಹೇಳಿ ಪ್ರಯೋಜನವಿಲ್ಲ, ಗಾಣಗಾಪುರಕ್ಕೆ ಹೊರಳುವ ಚೌಡಾಪುರದ ಕೂಡುರಸ್ತೆಯಲ್ಲೇ ಕನ್ನಡ, ಮರಾಠಿ, ಉರ್ದು ಮೂರರಲ್ಲೂ ದೊಡ್ಡ ಅಕ್ಷರದ ಫಲಕ ನಿಲ್ಲಬೇಕು. ಪ್ರತಿ ತಗ್ಗು ಸೇತುವೆಗೂ ನೀರಿನ ಎತ್ತರ ತೋರಿಸುವ ಕಂಬ, ಇರುಳಲ್ಲಿ ಹೊಳೆಯುವ ಪಟ್ಟಿ, ಬೀಗ ಹಾಕುವ ಗೇಟು ಬೇಕು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ರಸ್ತೆಗೆ ದುಡ್ಡು ಕೊಡುವಾಗ ಆ ರಸ್ತೆಯ ಕೈಕಂಬಕ್ಕೂ, ಅದರ ನಕ್ಷೆಗೂ ದುಡ್ಡು ಎತ್ತಿಡಬೇಕು. ಅವೆರಡೂ ಆಗದೆ ಗುತ್ತಿಗೆದಾರರ ಕೊನೆಯ ಬಿಲ್ಲು ಪಾಸಾಗಬಾರದು.

ಪ್ರವಾಸೋದ್ಯಮ ಇಲಾಖೆ ಮೂರೂ ತಾಲ್ಲೂಕುಗಳ ನಕ್ಷೆಯನ್ನು ಕನ್ನಡದಲ್ಲಿ, ಫೋನಿಗೂ ಜಿಪಿಎಸ್ ಸಾಧನಕ್ಕೂ ಇಳಿಸಿಕೊಳ್ಳುವಂತೆ ಪುಕ್ಕಟೆ ಕೊಡಬೇಕು. ಯಾವ ದಾರಿ ಮಳೆಗಾಲಕ್ಕೆ ಸಲ್ಲ, ಯಾವ ಸೇತುವೆ ಮುಳುಗುತ್ತದೆ, ಎಲ್ಲಿ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂಬುದು ಅದರಲ್ಲಿ ಇರಬೇಕು. ಕಡಗಂಚಿಯ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ಹಳ್ಳಿಹಳ್ಳಿಗೆ ಕಳಿಸಿ ಊರಿನ ಹಿರಿಯರನ್ನು ಕೂಡಿಸಿ ಹೆಸರು, ಹಳ್ಳ, ಶಾಸನ, ಗುಡಿ, ದರ್ಗಾ ಎಲ್ಲ ಗುರುತಿಸುವ ಕೆಲಸಕ್ಕೆ ಹಚ್ಚಬೇಕು. ಗಾಣಗಾಪುರ, ಘತ್ತರಗಿ, ಆಳಂದ, ಸನ್ನತಿಗಳಲ್ಲಿ ಊರಿನ ಓದಿದ ಹುಡುಗ ಹುಡುಗಿಯರಿಗೆ ತರಬೇತಿ ಕೊಟ್ಟು ಗುರುತಿನ ಚೀಟಿ ಕೊಟ್ಟು ಸಂಬಳದ ಮೇಲೆ ಮಾರ್ಗದರ್ಶಿಗಳನ್ನಾಗಿ ನೇಮಿಸಬೇಕು. ದುಡಿಮೆ ಹುಡುಕಿಕೊಂಡು ಪುಣೆ, ಮುಂಬಯಿಗೆ ಗುಳೆ ಹೋಗುವ ಸೀಮೆಯಲ್ಲಿ ಈ ಕೆಲಸ ಬೇಡವೆನ್ನುವವರು ಯಾರಿದ್ದಾರೆ?

ಪ್ರಯಾಣಿಕರೇ, ನಿಮಗೂ ಒಂದು ಮಾತು. ನಕ್ಷೆ ಇಳಿಸಿಕೊಳ್ಳದೆ ಮನೆ ಬಿಡಬೇಡಿ. ದಾರಿಗೆಂದು ಬೇರೆ ಸಾಧನ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಭೀಮಾ ದಾಟುವ ಮೊದಲು ಉಜನಿಯಲ್ಲಿ ಎಷ್ಟು ನೀರು ಬಿಟ್ಟಿದ್ದಾರೆಂದು ವಿಚಾರಿಸಿ. ಹಳ್ಳದ ದಂಡೆಯಲ್ಲಿ ಕುರಿ ಕಾಯುವವರು ‘ಯಪ್ಪಾ, ಹಳ್ಳ ಬಂದದ, ಮುಂದ ಹೋಗಬ್ಯಾಡ’ ಎಂದರೆ ಪರದೆಯ ಮಾತು ಬಿಟ್ಟು ಅವರ ಮಾತು ಕೇಳಿ. ಅವರು ಆ ನೀರನ್ನು ಕಣ್ಣಾರೆ ಕಂಡಿದ್ದಾರೆ. ಕೇಳುವುದರಲ್ಲಿ ಅವಮಾನವಿಲ್ಲ.

ಅಧಿಕಾರದಲ್ಲಿರುವವರಿಗೆ ಕೊನೆಯದಾಗಿ ಇಷ್ಟು. ಭೀಮಾ ಉಕ್ಕುವ ತಿಂಗಳುಗಳು ಯಾವುವೆಂದು ನಿಮಗೆ ಗೊತ್ತು, ಮುಳುಗುವ ಸೇತುವೆಗಳು ಯಾವುವೆಂದು ಗೊತ್ತು, ಅವುಗಳ ಮೇಲೆ ಯಾವ ಊರಿನ ಯಾತ್ರಿಕರು ಬರುತ್ತಾರೆಂದು ಗೊತ್ತು. ಇಷ್ಟೆಲ್ಲ ಗೊತ್ತಿದ್ದೂ ‘ಅವರ ಹತ್ತಿರ ಫೋನಿತ್ತಲ್ಲ’ ಎಂದು ನಾಳೆ ಯಾವುದೋ ಕುಟುಂಬದ ಹೆಣಗಳ ಮುಂದೆ ನಿಂತು ಹೇಳಬೇಡಿ. ಮುಂದಿನ ಮುಂಗಾರಿಗೆ ಮೊದಲೇ ಫಲಕ ನಿಲ್ಲಿಸಿ, ಗೇಟು ಹಾಕಿ, ನಕ್ಷೆ ತಿದ್ದಿ, ಜನರನ್ನು ನೇಮಿಸಿ. ದಾರಿ ತೋರಿಸುವ ಕೆಲಸ ನಿಮ್ಮದು. ಅದನ್ನು ಯಂತ್ರದ ಹೆಗಲಿಗೆ ಹೊರಿಸಿ ತಪ್ಪಿಸಿಕೊಳ್ಳಲು ಇನ್ನು ನಾವು ಬಿಡಬಾರದು.